ವಿದೇಶದ ಬಂದರು ನಗರದಲ್ಲಿ ತಂಗುವ ಸ್ಥಳದ ಆಯ್ಕೆ: ದುಬೈಗೆ ತೆರಳುವ ನಾಗರಿಕರಿಗೆ ಮಾಹಿತಿ

ಪೀಠಿಕೆ

ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೆಸರಾಗಿರುವ ಸೀಮೆಯಿಂದ, ಅಂದರೆ ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಂದ ವಿದೇಶ ಪ್ರಯಾಣ ಕೈಗೊಳ್ಳುವ ನಾಗರಿಕರು ಕೇಳುವ ಪ್ರಶ್ನೆಗಳಲ್ಲಿ ಪಾಸ್‌ಪೋರ್ಟ್, ವೀಸಾ ಮತ್ತು ವಿಮಾನದ ಟಿಕೆಟಿಗೆ ಸಂಬಂಧಿಸಿದವೇ ಹೆಚ್ಚು. ಇಳಿದ ರಾತ್ರಿ ಎಲ್ಲಿ ತಂಗಬೇಕೆಂಬ ಪ್ರಶ್ನೆಯನ್ನು ಕೇಳುವವರು ವಿರಳ. ಮೈಲಾರದ ಜಾತ್ರೆಗೋ ಕೊಟ್ಟೂರಿನ ತೇರಿಗೋ ಹೋದವರು ಬಂಡಿ ಬಿಟ್ಟ ಬಯಲಿನಲ್ಲಿಯೇ ಬುತ್ತಿ ಬಿಚ್ಚಿ ರಾತ್ರಿ ಕಳೆಯುವುದು ನಮ್ಮಲ್ಲಿ ವಾಡಿಕೆ. ಯಾರಾದರೂ ಊರಿನವರ ಜಗುಲಿ ಸಿಕ್ಕೀತೆಂಬ ನಂಬಿಕೆಯೂ ಉಂಟು. ವಿದೇಶದಲ್ಲಿ ಈ ನಂಬಿಕೆ ನಡೆಯುವುದಿಲ್ಲ. ಅಲ್ಲಿ ತಂಗುವ ವಿಳಾಸವೆಂಬುದು ಕೇವಲ ಅನುಕೂಲದ ವಿಷಯವಾಗಿರದೆ ವೀಸಾ ಅರ್ಜಿಯ ಒಂದು ಭಾಗವೇ ಆಗಿರುತ್ತದೆ.

ಈ ಪುಟದಲ್ಲಿ ದುಬೈ ನಗರವನ್ನು ಆಯ್ದುಕೊಳ್ಳಲು ಕಾರಣ ಸರಳವಾದುದು. ಪ್ರವಾಸಕ್ಕಾಗಲಿ, ಬಂಧುಗಳನ್ನು ಕಾಣಲಾಗಲಿ, ಉದ್ಯೋಗಕ್ಕಾಗಲಿ ಕರ್ನಾಟಕದವರು ಹೆಚ್ಚಾಗಿ ತೆರಳುವ ವಿದೇಶಿ ಬಂದರು ನಗರಗಳಲ್ಲಿ ಇದು ಒಂದು. ಬೆಂಗಳೂರಿನಿಂದ ಸುಮಾರು 4 ಗಂಟೆಗಳ ವಿಮಾನ ಪ್ರಯಾಣ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ನೀಡಿರುವ ಮಾಹಿತಿಯು ಮಾರ್ಗದರ್ಶನಕ್ಕಾಗಿ ಮಾತ್ರ ಇದ್ದು, ನಿಯಮಗಳಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಆ ದೇಶದ ಅಧಿಕೃತ ಪ್ರಕಟಣೆಯೇ ಅಂತಿಮವಾಗಿರುತ್ತದೆ. ಹಣ ಪಾವತಿಸುವ ಮುನ್ನ ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯದ ಪ್ರಯಾಣ ಸಲಹೆಯನ್ನೂ ನೋಡಿಕೊಳ್ಳತಕ್ಕದ್ದು.

ವಿಳಾಸ ಮೊದಲು, ಟಿಕೆಟ್ ನಂತರ

2024ರ ನವೆಂಬರ್‌ನಿಂದ ದುಬೈಗೆ ಪ್ರವಾಸಿ ವೀಸಾ ಕೋರುವ ಅರ್ಜಿಯೊಂದಿಗೆ ಹೋಟೆಲ್ ಕಾಯ್ದಿರಿಸಿದ ಪತ್ರ ಹಾಗೂ ಮರಳುವ ಟಿಕೆಟನ್ನು ಸಲ್ಲಿಸಬೇಕೆಂಬ ಕ್ರಮವು ಬಿಗಿಯಾಗಿ ಜಾರಿಗೆ ಬಂದಿತು. ಬಂಧುಗಳ ಮನೆಯಲ್ಲಿ ತಂಗುವವರು ಆ ಬಂಧುಗಳ ಎಮಿರೇಟ್ಸ್ ಗುರುತಿನ ಚೀಟಿ, ವಾಸದ ವೀಸಾ ಮತ್ತು ಮನೆ ಬಾಡಿಗೆಯ ಕರಾರಿನ ಪ್ರತಿಗಳನ್ನು ಒದಗಿಸಬೇಕಾಗುತ್ತದೆ. ಅದಕ್ಕೂ ಮೊದಲು, 2024ರ ಮೇ ತಿಂಗಳಿನಲ್ಲಿಯೇ, ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಂದ ತಂಗುವ ಸ್ಥಳದ ಪುರಾವೆ, ಮರಳುವ ಟಿಕೆಟ್ ಹಾಗೂ 3,000 ದಿರ್ಹಮ್‌ನಷ್ಟು ಹಣ ಇರುವ ಬಗ್ಗೆ ವಿಚಾರಣೆ ನಡೆದು, ಪುರಾವೆ ಇಲ್ಲದವರನ್ನು ವಿಮಾನ ಹತ್ತಲು ಬಿಡದ ಪ್ರಕರಣಗಳು ವರದಿಯಾಗಿದ್ದವು. ಊರಿನಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ವಿಮಾನ ನಿಲ್ದಾಣ ತಲುಪಿದ ಮೇಲೆ ಇಂತಹ ಕಾರಣಕ್ಕೆ ಹಿಂದಿರುಗುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಾಗಿಲ್ಲ.

ಈ ಕ್ರಮ ಬಂದ ನಂತರ ಕೆಲವು ಏಜೆಂಟರು ವೀಸಾಕ್ಕಾಗಿ ಮಾತ್ರ ಹೋಟೆಲ್ ಕಾಯ್ದಿರಿಸಿ, ವೀಸಾ ಬಂದೊಡನೆ ರದ್ದುಪಡಿಸುವ ಮಾರ್ಗ ಹಿಡಿದಿದ್ದಾರೆ. ಕಚೇರಿಯ ಅನುಭವದಲ್ಲಿ ಬಂದ ಒಂದು ಸಂದರ್ಭವನ್ನು ಇಲ್ಲಿ ನಮೂದಿಸುವುದು ಸೂಕ್ತವೆನಿಸುತ್ತದೆ. ಹಿರಿಯ ರೈತರೊಬ್ಬರು ಮಗನ ಕಾಗದಪತ್ರಗಳನ್ನು ತೋರಿಸಲು ತಂದಿದ್ದರು. ಹೋಟೆಲಿನ ಪತ್ರದಲ್ಲಿ ಮಗನ ಹೆಸರಿತ್ತು, ದಿನಾಂಕವಿತ್ತು, ಮುದ್ರೆಯೂ ಇತ್ತು. ಹೋಟೆಲಿನ ದೂರವಾಣಿ ಸಂಖ್ಯೆ ಮಾತ್ರ ಇರಲಿಲ್ಲ. ಹೋಟೆಲಿನ ಸ್ವಂತ ಜಾಲತಾಣದಿಂದ ಸಂಖ್ಯೆ ಪಡೆದು ಅವರಿಂದಲೇ ಕರೆ ಮಾಡಿಸಲಾಯಿತು. ಆ ಹೆಸರಿನ ಕೊಠಡಿ ಎರಡು ದಿನಗಳ ಹಿಂದೆಯೇ ರದ್ದಾಗಿದೆ ಎಂಬ ಉತ್ತರ ಬಂದಿತು. ಜಮೀನಿನ ಮೇಲೆ ಸಾಲ ತೆಗೆದು ಕಟ್ಟಿದ ಹಣ ಅದು. ಮಗ ಇನ್ನೂ ಊರಿನಲ್ಲಿಯೇ ಇದ್ದುದರಿಂದ ವಿಷಯ ಅಲ್ಲಿಗೇ ನಿಂತಿತು. ಆತ ಇಳಿದ ಮೇಲೆ ತಿಳಿದಿದ್ದರೆ ರಾತ್ರಿಯನ್ನು ವಿಮಾನ ನಿಲ್ದಾಣದ ಹೊರಗೆ ಕಳೆಯಬೇಕಾಗುತ್ತಿತ್ತು.

ಆದ್ದರಿಂದ ಹೋಟೆಲ್ ಪತ್ರವನ್ನು ಏಜೆಂಟ್ ಕೊಟ್ಟಿದ್ದರೂ ಪ್ರಯಾಣಿಕರು ತಾವೇ ಹೋಟೆಲಿಗೆ ಕರೆ ಮಾಡಿ ಅಥವಾ ಮಿಂಚಂಚೆ ಬರೆದು ಖಚಿತಪಡಿಸಿಕೊಳ್ಳತಕ್ಕದ್ದು. ಹಿಂದಿ ಅಥವಾ ಮಲಯಾಳಂ ಬಲ್ಲವರು ಅಲ್ಲಿನ ಸ್ವಾಗತ ಕೌಂಟರುಗಳಲ್ಲಿ ಸಾಮಾನ್ಯವಾಗಿ ಇರುತ್ತಾರಾದ್ದರಿಂದ ಭಾಷೆಯ ಅಂಜಿಕೆ ಬೇಡ. ಪ್ರಯಾಣದ ಎರಡು ದಿನ ಮುಂಚೆ ಮತ್ತೊಮ್ಮೆ ವಿಚಾರಿಸುವುದು ಒಳ್ಳೆಯದು.

ಹೆಸರಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ನಮ್ಮ ಭಾಗದಲ್ಲಿ ಬಸವರಾಜ, ಕೊಟ್ರೇಶ, ಹುಲಿಗೆಮ್ಮ ಎಂದು ಒಂದೇ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಬರೆಸಿ, ಮನೆತನದ ಹೆಸರಿನ ಕಾಲಂ ಖಾಲಿ ಬಿಟ್ಟವರು ಬಹಳ ಮಂದಿ. 2022ರ ನವೆಂಬರ್ 21ರಿಂದ ಸಂಯುಕ್ತ ಅರಬ್ ಸಂಸ್ಥಾನವು ಒಂದೇ ಹೆಸರಿರುವ ಪಾಸ್‌ಪೋರ್ಟುಗಳಿಗೆ ಪ್ರವಾಸಿ ಹಾಗೂ ಭೇಟಿ ವೀಸಾ ನೀಡುವುದನ್ನು ನಿಲ್ಲಿಸಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಪರಿಗಣಿಸಲಾಗುವುದೆಂದು ನಂತರ ಸ್ಪಷ್ಟೀಕರಣ ಬಂದಿತು. ಅರ್ಜಿದಾರರು ಪಾಸ್‌ಪೋರ್ಟ್ ಪಡೆಯುವ ಅಥವಾ ನವೀಕರಿಸುವ ಹಂತದಲ್ಲಿಯೇ ಇದನ್ನು ಸರಿಪಡಿಸಿಕೊಳ್ಳುವುದು ಲೇಸು. ಹೋಟೆಲ್ ಕಾಯ್ದಿರಿಸುವಾಗಲೂ ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳನ್ನೇ ಬಳಸಬೇಕು; ಕರೆಯುವ ಹೆಸರನ್ನಾಗಲಿ, ಇನಿಷಿಯಲ್ ಮಾತ್ರವನ್ನಾಗಲಿ ನಮೂದಿಸಬಾರದು.

ದುಬೈನಲ್ಲಿ ನಮ್ಮಂತೆ ಪಿನ್‌ಕೋಡ್ ಇಲ್ಲ. ಪತ್ರಗಳು ಅಂಚೆ ಪೆಟ್ಟಿಗೆ ಸಂಖ್ಯೆಗೆ ಹೋಗುತ್ತವೆ. ಕಟ್ಟಡವನ್ನು ಗುರುತಿಸಲು ಪ್ರತಿ ದ್ವಾರದ ಬಳಿ ಮಕಾನಿ ಎಂಬ 10 ಅಂಕೆಗಳ ಸಂಖ್ಯೆಯ ಫಲಕವಿರುತ್ತದೆ. ತಂಗುವ ಸ್ಥಳ ಹೋಟೆಲಾಗಿರಲಿ, ಬಂಧುಗಳ ಮನೆಯಾಗಿರಲಿ, ಕಂಪನಿಯ ವಸತಿಯಾಗಿರಲಿ, ಈ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಅದನ್ನು ಕೊಡಲು ಹಿಂಜರಿಯುವವರು ತೋರಿಸುವ ಕೊಠಡಿ ಇದೆಯೋ ಇಲ್ಲವೋ ಎಂಬ ಸಂಶಯಕ್ಕೆ ಕಾರಣವಿದೆ ಎಂದೇ ತಿಳಿಯಬೇಕು.

ನಗರದ ಸ್ವರೂಪ

ದುಬೈ ಬೆಳೆದುದು ಸಮುದ್ರದಿಂದ ಒಳಕ್ಕೆ ಚಾಚಿರುವ ಒಂದು ಉಪ್ಪುನೀರಿನ ತೋಡಿನ ಸುತ್ತ. ಇದನ್ನು ಅರಬ್ಬಿಯಲ್ಲಿ ಖೋರ್ ಎಂದೂ ಸಾಮಾನ್ಯವಾಗಿ ಕ್ರೀಕ್ ಎಂದೂ ಕರೆಯುತ್ತಾರೆ. ಮರದ ಹಾಯಿದೋಣಿಗಳಲ್ಲಿ ಮುಂಬಯಿ ಮತ್ತು ಗುಜರಾತಿನ ಕರಾವಳಿಯೊಂದಿಗೆ ನಡೆಯುತ್ತಿದ್ದ ವ್ಯಾಪಾರಕ್ಕೆ ಇದೇ ಬಂದರು. ವಾಣಿಜ್ಯ ಓದಿದವರಿಗೆ ಕುತೂಹಲವೆನಿಸುವ ಸಂಗತಿಯೊಂದಿದೆ: 1966ರವರೆಗೆ ಅಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿಯೇ. 1959ರಿಂದ ಭಾರತೀಯ ರಿಸರ್ವ್ ಬ್ಯಾಂಕ್ ಕೊಲ್ಲಿ ಪ್ರದೇಶಕ್ಕೆಂದೇ ಪ್ರತ್ಯೇಕ ನೋಟುಗಳನ್ನು ಹೊರಡಿಸುತ್ತಿತ್ತು. ದೊಡ್ಡ ಹಡಗುಗಳಿಗಾಗಿ ರಶೀದ್ ಬಂದರು 1972ರಲ್ಲಿ, ಜೆಬೆಲ್ ಅಲಿ ಬಂದರು 1979ರಲ್ಲಿ ಆರಂಭವಾದವು. ನಂತರ ನಗರವು ಕಡಲ ತೀರದುದ್ದಕ್ಕೂ ನೈರುತ್ಯದ ಕಡೆಗೆ ಹತ್ತಾರು ಕಿಲೋಮೀಟರ್ ಬೆಳೆಯಿತು.

ಈ ಬೆಳವಣಿಗೆಯನ್ನು ಅರಿತರೆ ತಂಗುವ ಸ್ಥಳದ ಲೆಕ್ಕ ಸುಲಭವಾಗುತ್ತದೆ. ಹಳೆಯ ನಗರವೆಂದರೆ ಕ್ರೀಕಿನ ಎರಡು ದಡಗಳು: ವಿಮಾನ ನಿಲ್ದಾಣದ ಕಡೆಯ ದಡ ದೇರಾ, ಎದುರು ದಡ ಬರ್ ದುಬೈ. ಮಿತವ್ಯಯದ ಹೋಟೆಲುಗಳು, ಭಾರತೀಯ ಊಟದ ಮನೆಗಳು, ಕಿರಾಣಿ ಅಂಗಡಿಗಳು ಹೆಚ್ಚಾಗಿರುವುದು ಈ ಎರಡು ದಡಗಳಲ್ಲಿಯೇ. ಬುರ್ಜ್ ಖಲೀಫಾ ಸುತ್ತಲಿನ ಡೌನ್‌ಟೌನ್, ಜುಮೇರಾ ಮತ್ತು ಮರೀನಾ ಪ್ರದೇಶಗಳು ನೋಡಲು ಸುಂದರ, ಬಾಡಿಗೆಯಲ್ಲಿ ದುಬಾರಿ. ಚಿತ್ರದಲ್ಲಿ ಕಂಡ ಕಡಲತೀರದ ಆಸೆಗೆ ಅಲ್ಲಿ ಕೊಠಡಿ ಹಿಡಿದು, ದಿನವೂ ಊಟಕ್ಕಾಗಿ ಹಳೆಯ ನಗರಕ್ಕೆ ಬರುವುದು ಜಾಣತನವಲ್ಲ.

ಮೆಟ್ರೋ ರೈಲು ಈ ಲೆಕ್ಕವನ್ನು ಇನ್ನಷ್ಟು ಸರಳಗೊಳಿಸಿದೆ. ಕೆಂಪು ಮಾರ್ಗ 2009ರ ಸೆಪ್ಟೆಂಬರ್ 9ರಂದು, ಹಸಿರು ಮಾರ್ಗ 2011ರ ಸೆಪ್ಟೆಂಬರ್ 9ರಂದು ಆರಂಭಗೊಂಡವು. ಕೆಂಪು ಮಾರ್ಗವು ವಿಮಾನ ನಿಲ್ದಾಣದಿಂದ ಹೊರಟು ದೇರಾ, ಬರ್ ದುಬೈ ದಾಟಿ ಬುರ್ಜ್ ಖಲೀಫಾ ಹಾಗೂ ಮರೀನಾ ಕಡೆಗೆ ಸಾಗುತ್ತದೆ. ಹಸಿರು ಮಾರ್ಗವು ಹಳೆಯ ಪೇಟೆಗಳನ್ನು ಸುತ್ತುತ್ತದೆ. ಎರಡೂ ಮಾರ್ಗಗಳು ಕೂಡುವುದು ದೇರಾದ ಯೂನಿಯನ್ ಮತ್ತು ಬರ್ ದುಬೈನ ಬರ್‌ಜುಮಾನ್ ನಿಲ್ದಾಣಗಳಲ್ಲಿ. ಮೊದಲ ಬಾರಿಗೆ ಹೋಗುವವರು ಈ ಎರಡು ನಿಲ್ದಾಣಗಳಲ್ಲಿ ಒಂದಕ್ಕೆ 10 ನಿಮಿಷದ ಕಾಲ್ನಡಿಗೆಯೊಳಗಿರುವ ಹೋಟೆಲನ್ನು ಹುಡುಕಿದರೆ ಬೇರೆ ಯಾವ ಹೋಲಿಕೆಯೂ ಅಷ್ಟಾಗಿ ಬೇಕಾಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕಾಲ್ನಡಿಗೆಯ ದೂರಕ್ಕೆ ಇಷ್ಟು ಒತ್ತು ನೀಡಲು ಕಾರಣ ಅಲ್ಲಿನ ಬೇಸಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಬಳ್ಳಾರಿಯ ಬಿಸಿಲು ಕಂಡವರಿಗೆ ಅದೇನು ಮಹಾ ಎನ್ನುವವರಿದ್ದಾರೆ. ನಮ್ಮದು ಒಣ ಬಿಸಿಲು, ನೆರಳಿಗೆ ಬಂದರೆ ತಂಪು. ಅಲ್ಲಿಯದು ಕಡಲ ತೇವ ಕೂಡಿದ ಬಿಸಿಲು, ನೆರಳಿನಲ್ಲಿಯೂ ಬೆವರು ನಿಲ್ಲುವುದಿಲ್ಲ. ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯುವವರು ನಕ್ಷೆಯಲ್ಲಿ ಕಾಣುವ ಒಂದು ಕಿಲೋಮೀಟರನ್ನು ಊರಿನ ಒಂದು ಕಿಲೋಮೀಟರಿನಂತೆ ಎಣಿಸಬಾರದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಹವಾಮಾನ ಹಿತಕರವಾಗಿರುತ್ತದೆ. ಆ ಅವಧಿಯಲ್ಲಿ ಬಾಡಿಗೆಯೂ ಏರಿರುತ್ತದೆ.

ದೇರಾ ಮತ್ತು ಬರ್ ದುಬೈ

ದೇರಾ ಎಂದರೆ ಚಿನ್ನದ ಪೇಟೆ, ಮಸಾಲೆ ಪೇಟೆ, ಸಗಟು ವ್ಯಾಪಾರ, ದಡದಲ್ಲಿ ಸರಕು ತುಂಬುವ ದೋಣಿಗಳು. ನೈಫ್ ಮತ್ತು ಅಲ್ ರಾಸ್ ಭಾಗದಲ್ಲಿ ಅಗ್ಗದ ಹೋಟೆಲುಗಳು ಒತ್ತೊತ್ತಾಗಿವೆ. ವ್ಯಾಪಾರಕ್ಕಾಗಿ ಒಂಟಿಯಾಗಿ ಹೋಗುವವರಿಗೆ ಇವು ಸಾಕು; ಮಕ್ಕಳೊಂದಿಗೆ ಹೋಗುವವರಿಗೆ ಇಕ್ಕಟ್ಟು ಮತ್ತು ಗದ್ದಲ ಹೆಚ್ಚೆನಿಸೀತು. ಅದೇ ದಡದ ಅಲ್ ರಿಗ್ಗಾ ಅಗಲವಾದ ರಸ್ತೆಗಳ, ಮೆಟ್ರೋ ನಿಲ್ದಾಣವೂ ಇರುವ, ತಕ್ಕಮಟ್ಟಿಗೆ ಅಚ್ಚುಕಟ್ಟಾದ ಭಾಗ. ವಿಮಾನ ನಿಲ್ದಾಣಕ್ಕೆ ಹತ್ತಿರವಿರುವುದು ದೇರಾದ ಮುಖ್ಯ ಅನುಕೂಲ. ಎರಡು ರಾತ್ರಿ ಮಾತ್ರ ತಂಗಿ ಮುಂದಕ್ಕೆ ಹೋಗುವವರಿಗೆ ಇದನ್ನು ಸೂಚಿಸಬಹುದು.

ಬರ್ ದುಬೈನಲ್ಲಿ ಮೀನಾ ಬಜಾರ್, ಅಲ್ ಫಹೀದಿ, ಮನ್‌ಖೂಲ್ ಮತ್ತು ಅದರಾಚೆಗಿನ ಕರಾಮಾ ಇವೆ. ಸೀರೆ ಅಂಗಡಿ, ಇಡ್ಲಿ ದೋಸೆಯ ಹೋಟೆಲು, ಹೂವಿನ ಅಂಗಡಿ, ಭಾರತೀಯ ತರಕಾರಿ ಎಲ್ಲವೂ ಕಾಲ್ನಡಿಗೆಯಲ್ಲಿ ದೊರೆಯುವ ಪ್ರದೇಶ ಇದು. ಶುದ್ಧ ಸಸ್ಯಾಹಾರದ ಮನೆಗಳೂ ಅನೇಕ. ಭಾರತದ ಕಾನ್ಸುಲೇಟ್ ಜನರಲ್ ಕಚೇರಿ ಇರುವುದು ಇದೇ ದಡದಲ್ಲಿ, ಬರ್‌ಜುಮಾನ್ ನಿಲ್ದಾಣದಿಂದ ದೂರವಿಲ್ಲದ ಅಲ್ ಹಮ್ರಿಯಾ ರಾಜತಾಂತ್ರಿಕ ವಲಯದಲ್ಲಿ. ಕುಟುಂಬ ಸಮೇತ ಹೋಗುವವರಿಗೂ, ಊಟದ ವಿಷಯದಲ್ಲಿ ಕಟ್ಟುನಿಟ್ಟಾಗಿರುವ ಹಿರಿಯರಿಗೂ ಬರ್ ದುಬೈ ಮೇಲು. ಹಳೆಯ ನಕ್ಷೆಯಲ್ಲಿ ಅಲ್ ಫಹೀದಿ ಎಂದಿರುವ ಮೆಟ್ರೋ ನಿಲ್ದಾಣದ ಹೆಸರು ಈಗ ಶರಫ್ ಡಿ.ಜಿ. ಎಂದಾಗಿದೆ. ಅಲ್ಲಿ ನಿಲ್ದಾಣದ ಹೆಸರನ್ನೂ ಕಂಪನಿಗಳಿಗೆ ಮಾರುವ ಪದ್ಧತಿ ಇರುವುದರಿಂದ ಊರಿನವರು ಹಿಂದೆ ಹೇಳಿದ ಹೆಸರು ಫಲಕದಲ್ಲಿ ಕಾಣದಿದ್ದರೆ ಗಾಬರಿಯಾಗಬೇಕಾಗಿಲ್ಲ.

ದೇವಸ್ಥಾನದ ಸಮೀಪ ಕೊಠಡಿ ಬೇಕೆಂದು ಕೇಳುವವರಿದ್ದಾರೆ. ಬರ್ ದುಬೈನ ಹಳೆಯ ಪೇಟೆಯಲ್ಲಿದ್ದ ಶಿವ ಮಂದಿರವು 2024ರ ಜನವರಿಯಲ್ಲಿ ಜೆಬೆಲ್ ಅಲಿಗೆ ಸ್ಥಳಾಂತರಗೊಂಡಿದೆ. ಜೆಬೆಲ್ ಅಲಿಯಲ್ಲಿ ಹೊಸ ಹಿಂದೂ ದೇವಾಲಯ 2022ರ ಅಕ್ಟೋಬರ್‌ನಲ್ಲಿ ತೆರೆಯಿತು. ಅದು ಹಳೆಯ ನಗರದಿಂದ ಸಾಕಷ್ಟು ದೂರವಿರುವುದರಿಂದ ದರ್ಶನಕ್ಕೆ ಒಂದು ಬೆಳಗನ್ನು ಮೀಸಲಿಡುವುದು ಸರಿ. ಅದಕ್ಕಾಗಿ ವಸತಿಯನ್ನೇ ಅಲ್ಲಿಗೆ ಬದಲಿಸುವುದು ಬೇಡ. ಮಸೀದಿಗಳಾದರೋ ಪ್ರತಿ ಬಡಾವಣೆಯಲ್ಲಿಯೂ ಹತ್ತಿರದಲ್ಲಿವೆ.

ಎರಡೂ ದಡಗಳ ಹೋಟೆಲುಗಳಿಗೆ ಅನ್ವಯಿಸುವ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಅಲ್ಲಿ ಮದ್ಯ ಪೂರೈಸುವ ಪರವಾನಗಿ ಹೆಚ್ಚಾಗಿ ಹೋಟೆಲುಗಳಿಗೇ ಇರುವುದರಿಂದ, ಹಳೆಯ ನಗರದ ಕೆಲವು ಅಗ್ಗದ ಹೋಟೆಲುಗಳಲ್ಲಿ ಎರಡು ಮೂರು ಬಾರುಗಳೂ ನಸುಕಿನವರೆಗೆ ಹಾಡು ಕುಣಿತಗಳೂ ನಡೆಯುತ್ತವೆ. ಚಿತ್ರದಲ್ಲಿ ಕೊಠಡಿ ಚೆನ್ನಾಗಿಯೇ ಕಾಣುತ್ತದೆ. ಹಿಂದೆ ತಂಗಿದವರ ಅಭಿಪ್ರಾಯಗಳನ್ನು ಓದಿ, ಕುಟುಂಬಗಳು ತಂಗುವ ಹೋಟೆಲೇ ಎಂದು ನೇರವಾಗಿ ಕೇಳಿ ತಿಳಿದುಕೊಳ್ಳಬೇಕು. ಮದ್ಯ ಪೂರೈಸದ ಹೋಟೆಲುಗಳೂ, ಅಡುಗೆ ಮನೆ ಇರುವ ಹೋಟೆಲ್ ಅಪಾರ್ಟ್‌ಮೆಂಟುಗಳೂ ಮನ್‌ಖೂಲ್ ಮತ್ತು ಅಲ್ ರಿಗ್ಗಾ ಭಾಗದಲ್ಲಿ ದೊರೆಯುತ್ತವೆ.

ಅಡುಗೆ ಮನೆ ಇರುವ ವಸತಿ ಆಯ್ದುಕೊಂಡವರು ಸಹಜವಾಗಿಯೇ ಊರಿನಿಂದ ರೊಟ್ಟಿ, ಚಟ್ನಿಪುಡಿ, ಮಸಾಲೆ ಕಟ್ಟಿಕೊಳ್ಳುತ್ತಾರೆ. ಗಸಗಸೆಯನ್ನು ಮಾತ್ರ ಯಾವ ರೂಪದಲ್ಲಿಯೂ ಒಯ್ಯಕೂಡದು. ಅದು ಅಲ್ಲಿ ಮಾದಕ ವಸ್ತುಗಳ ಕಾಯ್ದೆಯಡಿ ನಿಷಿದ್ಧ. ಹಬ್ಬದ ಪಾಯಸಕ್ಕೆಂದು ಅಮ್ಮ ಕಟ್ಟಿಕೊಟ್ಟ ಸಣ್ಣ ಪೊಟ್ಟಣವೂ ಬಂಧನಕ್ಕೆ ಕಾರಣವಾಗಬಲ್ಲದು. ಗುಟ್ಕಾ ಮತ್ತು ಪಾನ್ ಸಾಮಗ್ರಿಯನ್ನೂ ಮನೆಯಲ್ಲಿಯೇ ಬಿಡಬೇಕು. ನಿತ್ಯದ ಔಷಧಿಗಳಿದ್ದರೆ ವೈದ್ಯರ ಚೀಟಿ ಜೊತೆಯಲ್ಲಿರಲಿ. ಕೊಡೀನ್, ಟ್ರಮಡಾಲ್ ಮುಂತಾದ ಅಂಶವಿರುವ ಔಷಧಿಗೆ ಪೂರ್ವಾನುಮತಿ ಅಗತ್ಯ.

ವೆಚ್ಚದ ಲೆಕ್ಕ

ಜಾಹೀರಾತಿನಲ್ಲಿ ಕಾಣುವ ದರ ಮತ್ತು ಕೌಂಟರಿನಲ್ಲಿ ಕೊಡುವ ಮೊತ್ತ ಒಂದೇ ಆಗಿರುವುದಿಲ್ಲ. ದುಬೈನಲ್ಲಿ ಕೊಠಡಿ ಬಾಡಿಗೆಯ ಮೇಲೆ ಶೇಕಡ 10 ಸೇವಾ ಶುಲ್ಕ, ಶೇಕಡ 7 ಪುರಸಭಾ ಶುಲ್ಕ ಹಾಗೂ 2018ರ ಜನವರಿ 1ರಿಂದ ಜಾರಿಯಲ್ಲಿರುವ ಶೇಕಡ 5 ಮೌಲ್ಯವರ್ಧಿತ ತೆರಿಗೆ ಸೇರುತ್ತವೆ. ಇವಲ್ಲದೆ 2014ರಿಂದ ಟೂರಿಸಂ ದಿರ್ಹಮ್ ಎಂಬ ಶುಲ್ಕವಿದೆ. ಇದು ಹೋಟೆಲಿನ ದರ್ಜೆಗೆ ಅನುಗುಣವಾಗಿ ಪ್ರತಿ ಕೊಠಡಿಗೆ ಪ್ರತಿ ರಾತ್ರಿಗೆ 7ರಿಂದ 20 ದಿರ್ಹಮ್. ಮುಂಗಡವಾಗಿ ಪೂರ್ತಿ ಹಣ ಕಟ್ಟಿದ್ದರೂ ಈ ಶುಲ್ಕವನ್ನು ಸಾಮಾನ್ಯವಾಗಿ ಹೋಟೆಲಿನಲ್ಲಿಯೇ ಪ್ರತ್ಯೇಕವಾಗಿ ಪಡೆಯುತ್ತಾರೆ. ಇದನ್ನು ಮೋಸವೆಂದು ತಿಳಿದು ಜಗಳಕ್ಕೆ ನಿಲ್ಲುವ ಅಗತ್ಯವಿಲ್ಲ.

ಉದಾಹರಣೆಗಾಗಿ, ತೆರಿಗೆ ಸೇರದ ದರ ರಾತ್ರಿಗೆ 150 ದಿರ್ಹಮ್ ಎಂದು ಭಾವಿಸೋಣ. ಸೇವಾ ಶುಲ್ಕ 15, ಪುರಸಭಾ ಶುಲ್ಕ ಹತ್ತೂವರೆ, ತೆರಿಗೆ ಸುಮಾರು 8 ದಿರ್ಹಮ್ ಸೇರಿ ಮೊತ್ತ 184ಕ್ಕೆ ಏರುತ್ತದೆ. ಟೂರಿಸಂ ದಿರ್ಹಮ್ 10 ಎಂದು ಹಿಡಿದರೆ 194. ಐದು ರಾತ್ರಿಗೆ 750 ಎಂದು ಎಣಿಸಿದ್ದವರು 970 ದಿರ್ಹಮ್ ತೆರಬೇಕಾಗುತ್ತದೆ. ಆದ್ದರಿಂದ ಎರಡು ಹೋಟೆಲುಗಳನ್ನು ಹೋಲಿಸುವಾಗ ಎಲ್ಲ ಶುಲ್ಕ ಸೇರಿದ ಮೊತ್ತವನ್ನೇ ಹೋಲಿಸತಕ್ಕದ್ದು. ದಿರ್ಹಮನ್ನು 1997ರಿಂದ ಒಂದು ಡಾಲರಿಗೆ 3.6725ರಂತೆ ಸ್ಥಿರವಾಗಿ ಇರಿಸಲಾಗಿದೆ. ಹೀಗಾಗಿ ಆ ದಿನದ ಡಾಲರಿನ ರೂಪಾಯಿ ದರವನ್ನು 3.6725ರಿಂದ ಭಾಗಿಸಿದರೆ ದಿರ್ಹಮಿನ ದರ ಸಿಗುತ್ತದೆ; ಹಣ ಬದಲಾಯಿಸುವವರು ಹೇಳುವ ದರ ಇದಕ್ಕಿಂತ ಬಹಳ ಹೆಚ್ಚಿದ್ದರೆ ಬೇರೆಡೆ ವಿಚಾರಿಸಬಹುದು.

ಕೊಠಡಿಗೆ ಸೇರುವಾಗ ಹೋಟೆಲಿನವರು ಠೇವಣಿಯಾಗಿ ಒಂದಿಷ್ಟು ಹಣವನ್ನು ನಗದಾಗಿ ಅಥವಾ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡಿನಲ್ಲಿ ತಡೆಹಿಡಿದ ಹಣ ಖಾತೆಗೆ ಮರಳಲು ಹಲವು ದಿನ ಹಿಡಿಯಬಹುದಾದ್ದರಿಂದ ಠೇವಣಿಯನ್ನು ನಗದಾಗಿ ಕೊಟ್ಟು ರಸೀದಿ ಪಡೆಯುವುದು ಮೇಲು. ಭಾರತೀಯ ರಿಸರ್ವ್ ಬ್ಯಾಂಕಿನ 2020ರ ಆದೇಶದಂತೆ ನಮ್ಮ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಹೊರಡುವ ಮುನ್ನ ಬ್ಯಾಂಕಿನಲ್ಲಿ ಅಥವಾ ಮೊಬೈಲ್ ಮೂಲಕ ವಿದೇಶಿ ಬಳಕೆಯನ್ನು ಸಕ್ರಿಯಗೊಳಿಸಿಕೊಳ್ಳಬೇಕು. ಟಿಕೆಟ್, ಹೋಟೆಲ್ ಎಲ್ಲವೂ ಸೇರಿದ ಪ್ಯಾಕೇಜ್ ಖರೀದಿಸಿದವರಿಂದ ಆದಾಯ ತೆರಿಗೆಯನ್ನು ಮೂಲದಲ್ಲಿಯೇ ವಸೂಲು ಮಾಡಲಾಗುತ್ತದೆ. ಅದು ನಷ್ಟವಾದ ಹಣವಲ್ಲ. ಪ್ಯಾನ್ ಸಂಖ್ಯೆಯಡಿ ಜಮೆಯಾಗಿರುವ ಈ ಮೊತ್ತವನ್ನು ವಾರ್ಷಿಕ ವಿವರಣೆ ಸಲ್ಲಿಸಿ ಹೊಂದಾಣಿಕೆ ಮಾಡಿಕೊಳ್ಳಬಹುದು ಅಥವಾ ಹಿಂಪಡೆಯಬಹುದು. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲವೆಂದು ವಿವರಣೆ ಸಲ್ಲಿಸದೆ ಬಿಟ್ಟು ಈ ಹಣವನ್ನು ಕಳೆದುಕೊಳ್ಳುವವರು ಅನೇಕರಿದ್ದಾರೆ.

ನೆರೆಯ ಶಾರ್ಜಾದಲ್ಲಿ ಬಾಡಿಗೆ ಕಡಿಮೆ. ಆದರೆ ದುಬೈ ಮೆಟ್ರೋ ಅಲ್ಲಿಗೆ ಹೋಗುವುದಿಲ್ಲ. ಬೆಳಿಗ್ಗೆ ಸಂಜೆಯ ವಾಹನ ದಟ್ಟಣೆಯಲ್ಲಿ ಗಂಟೆಗಟ್ಟಲೆ ಕಾಯಬೇಕು. ಅಲ್ಲಿಯೇ ಬಂಧುಗಳಿದ್ದರೆ ಮಾತು ಬೇರೆ.

ಬೆಡ್‌ಸ್ಪೇಸ್ ಎಂಬ ಹಾಸಿಗೆ ಬಾಡಿಗೆ

ಈ ಪುಟದ ಓದುಗರಲ್ಲಿ ಪ್ರವಾಸಿಗರಿಗಿಂತ ಕೆಲಸ ಹುಡುಕಿ ಹೊರಡುವ ಯುವಕರು ಹಾಗೂ ಅವರ ತಂದೆತಾಯಿಯರೇ ಹೆಚ್ಚಾಗಿರಬಹುದೆಂದು ಎಣಿಸಿ ಈ ಭಾಗವನ್ನು ವಿವರವಾಗಿ ನೀಡಲಾಗಿದೆ. ದೇರಾ, ಸತ್ವಾ, ಕರಾಮಾ ಮುಂತಾದ ಕಡೆ ಒಂದು ಮನೆಯನ್ನು ಹಲಗೆಗಳಿಂದ ಅಡ್ಡಗಟ್ಟಿ, ಒಂದರ ಮೇಲೊಂದು ಮಂಚವಿಟ್ಟು, ಹಾಸಿಗೆಗೆ ಇಷ್ಟೆಂದು ತಿಂಗಳ ಬಾಡಿಗೆಗೆ ಕೊಡುವ ಪದ್ಧತಿ ಬಹುಕಾಲದಿಂದ ಇದೆ. ಇದನ್ನು ಬೆಡ್‌ಸ್ಪೇಸ್ ಎನ್ನುತ್ತಾರೆ. ಏಜೆಂಟರು ಊರಿನಲ್ಲಿ ರೂಮು ಊಟ ಎಲ್ಲಾ ನಮ್ಮದೇ ಎಂದು ಹೇಳುವುದು ಬಹುಪಾಲು ಇದನ್ನೇ.

2025ರ ಜೂನ್ ತಿಂಗಳಿನಲ್ಲಿ ದುಬೈ ಪುರಸಭೆಯು ಅಲ್ ರಿಗ್ಗಾ, ಅಲ್ ಮುರಕ್ಕಬಾತ್, ಅಲ್ ಬರ್ಶಾ, ಅಲ್ ಸತ್ವಾ ಮತ್ತು ಅಲ್ ರಫ್ಫಾ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಅಡ್ಡಗಟ್ಟಿದ ಕೊಠಡಿಗಳ ವಿರುದ್ಧ ಕ್ರಮ ಕೈಗೊಂಡಿತು. ಬೆಂಕಿ ಬಿದ್ದಾಗ ಹೊರಬರಲು ದಾರಿಯಿಲ್ಲದಿರುವುದು ಇದಕ್ಕೆ ಮುಖ್ಯ ಕಾರಣ. ಇಂತಹ ಕಾರ್ಯಾಚರಣೆಯಲ್ಲಿ ಹಲಗೆ ಕಿತ್ತಾಗ ಬೀದಿಗೆ ಬರುವವರು ಬಾಡಿಗೆ ಕೊಟ್ಟು ಮಲಗಿದವರೇ. ಅವರ ಕೈಯಲ್ಲಿ ಕರಾರು ಇರುವುದಿಲ್ಲ, ರಸೀದಿ ಇರುವುದಿಲ್ಲ, ಹಣ ಕೇಳಲು ಹೆಸರೂ ಇರುವುದಿಲ್ಲ. ಕಾನೂನುಬದ್ಧ ಬಾಡಿಗೆಯಾದರೆ ಅದು ಇಜಾರಿ ಎಂಬ ವ್ಯವಸ್ಥೆಯಲ್ಲಿ ನೋಂದಣಿಯಾಗಿರುತ್ತದೆ. ಅಲ್ಪಾವಧಿಗೆ ಕೊಡುವ ಮನೆಗಳಿಗೆ ದುಬೈನ ಆರ್ಥಿಕ ಮತ್ತು ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಸಂಖ್ಯೆ ಇರಬೇಕು. ಈ ಎರಡರಲ್ಲಿ ಒಂದನ್ನೂ ತೋರಿಸಲಾಗದ ಸ್ಥಳಕ್ಕೆ ಮುಂಗಡ ಕೊಡಬಾರದು.

ಭೇಟಿ ವೀಸಾದಲ್ಲಿ ಹೋಗಿ ಕೆಲಸ ಮಾಡುವುದು ಅಲ್ಲಿ ಅಪರಾಧ. ವೀಸಾ ಅವಧಿ ಮೀರಿದ ಪ್ರತಿ ದಿನಕ್ಕೆ 50 ದಿರ್ಹಮ್ ದಂಡವಿದೆ. ಒಂದು ತಿಂಗಳಿಗೆ 1,500 ದಿರ್ಹಮ್. ಮೊದಲು ವಸತಿ ಕೈತಪ್ಪುತ್ತದೆ, ಆಮೇಲೆ ವೀಸಾ, ಕೊನೆಗೆ ಟಿಕೆಟಿನ ಹಣ. ಊರಿಗೆ ಬರೆಯುವ ಸಂದೇಶಗಳಲ್ಲಿ ಮಾತ್ರ ಎಲ್ಲವೂ ಚೆನ್ನಾಗಿದೆ ಎಂದಿರುತ್ತದೆ.

ಉದ್ಯೋಗ ವೀಸಾ ಪಡೆದು ಹೋಗುವವರ ಸ್ಥಿತಿ ಬೇರೆ. 50 ಅಥವಾ ಅದಕ್ಕಿಂತ ಹೆಚ್ಚು ಕಡಿಮೆ ವೇತನದ ಕಾರ್ಮಿಕರನ್ನು ಹೊಂದಿರುವ ಸಂಸ್ಥೆಯು ಅವರಿಗೆ ವಸತಿ ಒದಗಿಸಬೇಕೆಂದು ಅಲ್ಲಿನ ನಿಯಮ ಹೇಳುತ್ತದೆ. ಚಿಕ್ಕ ಸಂಸ್ಥೆಗೆ ಈ ನಿರ್ಬಂಧವಿಲ್ಲ. ಆದ್ದರಿಂದ ವಸತಿ ಕಂಪನಿಯದೋ, ವಸತಿ ಭತ್ಯೆ ಕೊಡುವರೋ, ಎರಡೂ ಇಲ್ಲವೋ ಎಂಬುದು ಕೆಲಸದ ಕರಾರಿನಲ್ಲಿಯೇ ಬರೆದಿರಬೇಕು. ಸಂಬಳದ ಅಂಕಿಯನ್ನು ಮಾತ್ರ ನೋಡಿ ಸಹಿ ಹಾಕಿದವರಿಗೆ ಹಾಸಿಗೆ ಬಾಡಿಗೆ ಕಳೆದ ಮೇಲೆ ಉಳಿಯುವುದೇನೆಂದು ಅಲ್ಲಿಗೆ ಹೋದ ಮೇಲೆಯೇ ತಿಳಿಯುತ್ತದೆ.

ಹತ್ತನೆಯ ತರಗತಿ ಉತ್ತೀರ್ಣರಾಗದ ಕಾರಣ ಪಾಸ್‌ಪೋರ್ಟಿನಲ್ಲಿ ವಲಸೆ ಅನುಮತಿ ಅಗತ್ಯವೆಂಬ ವರ್ಗಕ್ಕೆ ಸೇರಿದವರು ಉದ್ಯೋಗಕ್ಕೆ ಹೊರಡುವ ಮುನ್ನ ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಪಡೆಯಬೇಕು. ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಕಡ್ಡಾಯ. ಇದರ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದ ಮರಣ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ವಿಮೆ. ನೋಂದಾಯಿತ ಏಜೆಂಟರ ಪಟ್ಟಿಯೂ ಇದೇ ಜಾಲತಾಣದಲ್ಲಿದೆ. ಅವರು ಸೇವಾ ಶುಲ್ಕವಾಗಿ 30,000 ರೂಪಾಯಿ ಹಾಗೂ ಅದರ ಮೇಲಿನ ಜಿ.ಎಸ್.ಟಿ.ಗಿಂತ ಹೆಚ್ಚು ಪಡೆಯುವಂತಿಲ್ಲ. ಏಜೆಂಟರನ್ನು ಪರೀಕ್ಷಿಸಲು ಮೊದಲ ಪ್ರಶ್ನೆ ಸಂಬಳದ್ದಾಗಬಾರದು. ಮಗ ಮೊದಲ ರಾತ್ರಿ ಯಾವ ಕಟ್ಟಡದಲ್ಲಿ ಮಲಗುತ್ತಾನೆ, ಅದರ ಮಕಾನಿ ಸಂಖ್ಯೆ ಏನು ಎಂದು ಕೇಳಬೇಕು.

ತಲುಪಿದ ದಿನ

ವಿಮಾನ ನಿಲ್ದಾಣದ 1 ಮತ್ತು 3ನೆಯ ಟರ್ಮಿನಲ್‌ಗಳಲ್ಲಿ ಮೆಟ್ರೋ ನಿಲ್ದಾಣವಿದೆ. 2ನೆಯ ಟರ್ಮಿನಲ್‌ನಲ್ಲಿ ಇಲ್ಲ. ಟಿಕೆಟಿನಲ್ಲಿ ಯಾವ ಟರ್ಮಿನಲ್ ಎಂದು ನೋಡಿಕೊಂಡೇ ಹೋಟೆಲಿಗೆ ಹೋಗುವ ಬಗೆಯನ್ನು ನಿರ್ಧರಿಸಬೇಕು. ಮೆಟ್ರೋ ಪ್ರಯಾಣಕ್ಕೆ ನೋಲ್ ಎಂಬ ಕಾರ್ಡು ಬೇಕು. ಮಧ್ಯರಾತ್ರಿಯ ನಂತರ ರೈಲುಗಳು ನಿಲ್ಲುತ್ತವೆ. ಶುಕ್ರವಾರ ರಾತ್ರಿ ಮಾತ್ರ 1 ಗಂಟೆಯವರೆಗೆ ಓಡುತ್ತವೆ. ಭಾನುವಾರ ಬೆಳಿಗ್ಗೆ 8ಕ್ಕೆ ಆರಂಭ. ನಸುಕಿನಲ್ಲಿ ಇಳಿಯುವವರು ಅಧಿಕೃತ ಟ್ಯಾಕ್ಸಿ ಸಾಲಿನಲ್ಲಿಯೇ ನಿಲ್ಲಬೇಕು. ಹೋಟೆಲುಗಳು ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3 ಗಂಟೆಗೆ ಕೊಠಡಿ ಕೊಡುವುದರಿಂದ, ನಸುಕಿನಲ್ಲಿ ಇಳಿಯುವ ಕುಟುಂಬಗಳು ಹಿಂದಿನ ರಾತ್ರಿಗೂ ಸೇರಿಸಿ ಕಾಯ್ದಿರಿಸುವುದು ಅನಿವಾರ್ಯ. ವೃದ್ಧರನ್ನೂ ಮಕ್ಕಳನ್ನೂ ಎಂಟು ಗಂಟೆ ಸ್ವಾಗತ ಕೋಣೆಯಲ್ಲಿ ಕೂರಿಸುವುದಕ್ಕಿಂತ ಆ ಒಂದು ರಾತ್ರಿಯ ಬಾಡಿಗೆ ದುಬಾರಿಯೇನಲ್ಲ.

ಕೊಠಡಿ ಕೊಡುವಾಗ ಹೋಟೆಲಿನವರು ಪಾಸ್‌ಪೋರ್ಟನ್ನು ಪಡೆದು ಪ್ರತಿ ತೆಗೆದುಕೊಳ್ಳುತ್ತಾರೆ. ಇದು ನಿಯಮ. ಪ್ರತಿ ತೆಗೆದ ಮೇಲೆ ಮೂಲವನ್ನು ಹಿಂದಕ್ಕೆ ಪಡೆಯಬೇಕು. ಉದ್ಯೋಗದಾತರಾಗಲಿ ಏಜೆಂಟರಾಗಲಿ ಪಾಸ್‌ಪೋರ್ಟನ್ನು ತಮ್ಮ ಬಳಿ ಇರಿಸಿಕೊಳ್ಳಲು ಅಲ್ಲಿನ ಕಾನೂನು ಅವಕಾಶ ಕೊಡುವುದಿಲ್ಲ.

ವಸತಿ ಸಿಗದೆ, ಮೋಸಹೋಗಿ ಅಥವಾ ಹೊರಹಾಕಲ್ಪಟ್ಟು ತೊಂದರೆಗೆ ಸಿಲುಕಿದವರು ಭಾರತದ ಕಾನ್ಸುಲೇಟಿನ ಆವರಣದಲ್ಲಿರುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವನ್ನು ಸಂಪರ್ಕಿಸಬಹುದು. ಅದರ ಉಚಿತ ಸಹಾಯವಾಣಿ ಸಂಖ್ಯೆ 800 46342. ಇದು ಸಂಯುಕ್ತ ಅರಬ್ ಸಂಸ್ಥಾನದ ಒಳಗಿನಿಂದ ಕರೆ ಮಾಡುವವರಿಗೆ. ಊರಿನಲ್ಲಿರುವ ಕುಟುಂಬದವರು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಪೊಲೀಸ್ ತುರ್ತು ಸಂಖ್ಯೆ 999, ಆಂಬುಲೆನ್ಸ್ 998. ದುಬೈ ಮತ್ತು ಶಾರ್ಜಾಗಳಲ್ಲಿ ಕನ್ನಡಿಗರ ಸಂಘಗಳು ಕಾರ್ಯನಿರತವಾಗಿವೆ. ಅವರ ನೆರವು ದೊಡ್ಡದೇ ಆದರೂ ಮೊದಲ ರಾತ್ರಿಯ ಹಾಸಿಗೆಯ ಹೊಣೆಯನ್ನು ಅವರ ಮೇಲೆ ಹೊರಿಸಿ ಹೊರಡುವುದು ಸರಿಯಲ್ಲ.

ಹೊರಡುವ ಮುನ್ನ ಒಂದು ಹಾಳೆಯ ಮೇಲೆ ಹೋಟೆಲಿನ ಅಥವಾ ವಸತಿಯ ಹೆಸರು, ಬಡಾವಣೆ, ಮಕಾನಿ ಸಂಖ್ಯೆ, ದೂರವಾಣಿ, ಹತ್ತಿರದ ಮೆಟ್ರೋ ನಿಲ್ದಾಣ, ಪಾಸ್‌ಪೋರ್ಟ್ ಸಂಖ್ಯೆ ಮತ್ತು ವೀಸಾ ಮುಗಿಯುವ ದಿನಾಂಕವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು, ಒಂದು ಪ್ರತಿಯನ್ನು ಮನೆಯಲ್ಲಿ ಓದುಬರಹ ಬಲ್ಲ ಒಬ್ಬರ ಕೈಗೆ ಕೊಟ್ಟು, ಇನ್ನೊಂದನ್ನು ತಮ್ಮ ಕೈಚೀಲದಲ್ಲಿ ಇರಿಸಿಕೊಳ್ಳತಕ್ಕದ್ದು. ಮೊಬೈಲಿನಲ್ಲಿ ಮಾತ್ರ ಇರಿಸಿಕೊಂಡರೆ ಚಾರ್ಜ್ ಮುಗಿದಾಗ ಉಪಯೋಗಕ್ಕೆ ಬರುವುದಿಲ್ಲ.